ಗಲಾಟೆಯ ಪಾಳಿ

ನನಗೆ ಪಾಠ ಮಾಡಲು ಬರುವುದಿಲ್ಲ ಎಂಬ ಸಂಗತಿ ಕಾಂದಿವಲಿಯ ಶಾಲೆಯೊಂದರ ನಲವತ್ತೆಂಟು ಮಕ್ಕಳಿಗೆ ಗೊತ್ತು. ಅವರು ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಐದನೆಯ ತರಗತಿಯವರಿಗೆ ಇರುವ ಈ ಗಾಂಭೀರ್ಯ ದೊಡ್ಡವರಲ್ಲಿ ಕಾಣುವುದಿಲ್ಲ. ನನ್ನ ಯಜಮಾನರಿಗೆ ಗೊತ್ತಾಗಿದ್ದರೆ ಸಂಜೆಯೊಳಗೆ ಬಿಲ್ಡಿಂಗಿನ ವಾಚ್‌ಮನ್‌ಗೂ ಗೊತ್ತಾಗಿಬಿಡುತ್ತಿತ್ತು. ಆದರೆ ಗುಟ್ಟು ನನ್ನ ಹೊಟ್ಟೆಯಲ್ಲೂ ಬಹಳ ದಿನ ನಿಲ್ಲುವುದಿಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಂಡು ಹಗುರಾಗುತ್ತೇನೆ.

ನನ್ನ ಜಾಯಮಾನವೇ ಒಂದು ಥರ. ಎಲ್ಲ ಸರಿಯಾಗಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ವಾರ ಮುಂಚೆ ಹೇಳಿ ಬರುವ ನೆಂಟರಿಗೆ ನಾನು ಮಾಡುವ ಉಪ್ಪಿಟ್ಟು ಗಂಟುಗಂಟಾಗುತ್ತದೆ. ಹೇಳದೆ ಕೇಳದೆ ಏಳು ಜನ ಬಂದು ಬಾಗಿಲು ಬಡಿದು, ಅದೇ ಹೊತ್ತಿಗೆ ಗ್ಯಾಸೂ ಮುಗಿದರೆ, ಅವತ್ತಿನ ನನ್ನ ಅಡುಗೆಯನ್ನು ಹೊಗಳದವರಿಲ್ಲ. ಇಪ್ಪತ್ತೆರಡು ವರ್ಷ ಫೋರ್ಟ್ ಏರಿಯಾದಲ್ಲಿ, ಸಾಮಾನು ಸಾಗಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಕೂತಿದ್ದೆ. ಫೋನಿನ ಆ ಕಡೆ ಯಾರಾದರೂ ಕೂಗಾಡುತ್ತಿದ್ದರೆ ನನ್ನ ತಲೆ ಚುರುಕಾಗಿ ಓಡುತ್ತಿತ್ತು. ಯಾರೂ ಬೈಯದ ದಿನ ಮಧ್ಯಾಹ್ನಕ್ಕೆಲ್ಲ ತಲೆನೋವು. ಒಂದು ದಿನ ಕಂಪನಿಯವರು ಇನ್ನು ಮುಂದೆ ದೂರುಗಳನ್ನೆಲ್ಲ ಕಂಪ್ಯೂಟರೇ ಕೇಳಿಸಿಕೊಳ್ಳುತ್ತದೆ ಎಂದು ಹೇಳಿ, ನನ್ನ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಆ ಕಂಪ್ಯೂಟರಿಗೆ ಈಗ ತಲೆನೋವು ಬರುತ್ತದೋ ಇಲ್ಲವೋ ತಿಳಿಯದು.

ಟೀಚರ್ ಆಗಬೇಕೆಂಬುದು ನನ್ನ ಹಳೆಯ ಆಸೆ. ಇದರಲ್ಲಿ ತಮಾಷೆಯೇನೂ ಇಲ್ಲ. ಬಿ.ಎ. ಮುಗಿಸಿದಾಗ ಬಿ.ಎಡ್. ಅರ್ಜಿ ತುಂಬಿಟ್ಟುಕೊಂಡಿದ್ದೆ. ಅದೇ ವಾರ ಆಫೀಸಿನ ಕೆಲಸ ಸಿಕ್ಕಿತು. ಮನೆಯಲ್ಲಿ ಎಲ್ಲರೂ ಪೇಢೆ ತಿಂದರು, ಅರ್ಜಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಹಾಸುವ ಕಾಗದವಾಯಿತು. ಇಪ್ಪತ್ತೆರಡು ವರ್ಷ ಸೀರೆ ತೆಗೆಯುವಾಗಲೆಲ್ಲ ಅದರ ಮೇಲಿನ ನನ್ನ ಹೆಸರು ಕಣ್ಣಿಗೆ ಬೀಳುತ್ತಿತ್ತು, ಬಿದ್ದಾಗಲೆಲ್ಲ ಸಂಕಟವಾಗುತ್ತಿತ್ತು. ಹೀಗಿರುವಾಗ ಒಂದು ಸಂಸ್ಥೆಯ ಜಾಹೀರಾತು ನೋಡಿದೆ. ಬಿ.ಎಡ್. ಇಲ್ಲದವರೂ ಬನ್ನಿ, ಆರು ವಾರದಲ್ಲಿ ನಿಮ್ಮನ್ನು ಶಿಕ್ಷಕರನ್ನಾಗಿ ಮಾಡುತ್ತೇವೆ, ಶಾಲೆಯನ್ನೂ ನಾವೇ ಹುಡುಕಿಕೊಡುತ್ತೇವೆ ಎಂದಿತ್ತು. ಆಮೇಲೆ ಎಂಟು ವಾರ ಪರೀಕ್ಷಾವಧಿ. ಕೊನೆಗೆ ಅವರೇ ಬಂದು ತರಗತಿಯ ಹಿಂದೆ ಕೂತು ನೋಡುತ್ತಾರೆ. ಪಾಸಾದರೆ ಶಾಲೆಯಲ್ಲೇ ಕಾಯಂ, ಇಲ್ಲದಿದ್ದರೆ ಮೊದಲಿನಿಂದ ತರಬೇತಿ.

ನನ್ನ ಯಜಮಾನರು ವಿಜಯಪುರದ ಕಡೆಯವರು. ಸಯನ್‌ನಲ್ಲಿ ಮೂವತ್ತು ವರ್ಷ ಇದ್ದರೂ ಮಾತು ಇನ್ನೂ ಅಲ್ಲಿಯದೇ. “ನಲವತ್ನಾಲ್ಕಕ್ಕ ಮಾಸ್ತರಿಕಿ ಸುರು ಮಾಡ್ತಿಯೇನ ಸುಧಾ? ಹುಡುಗ್ರು ನಿನಗ ಟೀಚರ್ ಅನ್ನಂಗಿಲ್ಲ, ಮುದುಕಿ ಅಂತ ಆಯೀ ಅಂತಾರ ನೋಡು” ಎಂದರು. ನಾನು ಸೀರೆ ಸರಿಸಿ ಆ ಹಳೇ ಅರ್ಜಿಯನ್ನು ತಂದು ಅವರ ಚಹಾ ಕಪ್ಪಿನ ಪಕ್ಕದಲ್ಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

ತರಬೇತಿ ನಡೆದದ್ದು ದಾದರ್‌ನ ಒಂದು ಮದುವೆ ಹಾಲ್‌ನಲ್ಲಿ. ಮುಹೂರ್ತಗಳಿಲ್ಲದ ದಿನಗಳಾದ್ದರಿಂದ ಹಾಲ್ ಅಗ್ಗಕ್ಕೆ ಸಿಕ್ಕಿತ್ತಂತೆ. ಕುರ್ಚಿಗಳ ಬೆನ್ನಿಗೆಲ್ಲ ಕೆಂಪು ಬಟ್ಟೆಯ ಗಂಟು, ವೇದಿಕೆಯ ಮೇಲೆ ಥರ್ಮಕೋಲಿನಲ್ಲಿ ಕೊರೆದ ‘ಶುಭ ವಿವಾಹ’. ಪಾಠ ಮಾಡುವವರು ಮದುಮಕ್ಕಳು ಕೂರುವ ಜಾಗದಲ್ಲಿ ನಿಂತು ಪಾಠ ಮಾಡಬೇಕು. ನಮ್ಮಲ್ಲಿ ಇಬ್ಬರು ಮೂವರು ಮೆಟ್ಟಿಲು ಹತ್ತುವಾಗ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಯೋಜನೆಯ ಸಂಯೋಜಕಿ ರಿಯಾ ಮೇಡಂಗೆ ಇಪ್ಪತ್ತಾರು ವರ್ಷ. ಸದಾ ಕೊರಳಲ್ಲಿ ಸೀಟಿ, ಕೈಯಲ್ಲಿ ಬಣ್ಣದ ಚೀಟಿಗಳ ಡಬ್ಬಿ.

ಆ ಡಬ್ಬಿಯೇ ನಮ್ಮ ಪಠ್ಯಕ್ರಮ. ಒಬ್ಬರು ಪಾಠ ಮಾಡುವಾಗ ಉಳಿದವರೆಲ್ಲ ಮಕ್ಕಳಾಗಬೇಕು. ಪ್ರತಿಯೊಬ್ಬರೂ ಒಂದೊಂದು ಚೀಟಿ ಎತ್ತಬೇಕು. ‘ನಿದ್ದೆ ಮಾಡುವ ಮಗು’, ‘ಅಳುವ ಮಗು’, ‘ಎಲ್ಲ ಗೊತ್ತಿರುವ ಮಗು’, ‘ಗಲಾಟೆ ಮಾಡುವ ಮಗು’. ರಿಟೈರ್ ಆದ ಬ್ಯಾಂಕ್ ಮ್ಯಾನೇಜರ್ ಒಬ್ಬರಿಗೆ ದಿನವೂ ನಿದ್ದೆಯ ಚೀಟಿಯೇ ಬರುತ್ತಿತ್ತು. ಅವರು ಚೀಟಿ ತೆರೆಯುವ ಮೊದಲೇ ಪಾತ್ರಕ್ಕೆ ಇಳಿದಿರುತ್ತಿದ್ದರು. ಆದರೆ ಗಲಾಟೆಯ ಚೀಟಿ ಬಂದರೆ ನಮ್ಮ ಶೆಟ್ಟರನ್ನು ಮೀರಿಸುವವರಿರಲಿಲ್ಲ. ಶೆಟ್ಟರಿಗೆ ಐವತ್ತೆಂಟು ವರ್ಷ, ಉಡುಪಿ ಕಡೆಯವರು. ಮೂವತ್ತು ವರ್ಷ ಹೋಟೆಲಿನ ಗಲ್ಲಾದ ಮೇಲೆ ಗಂಭೀರವಾಗಿ ಕೂತು, ಈಗ ಹೋಟೆಲನ್ನು ಭಾವಮೈದುನನಿಗೆ ಒಪ್ಪಿಸಿ ಬಂದವರು. ಮೂವತ್ತು ವರ್ಷ ಅದುಮಿಟ್ಟ ತುಂಟತನವೆಲ್ಲ ಆ ಹಾಲ್‌ನಲ್ಲಿ ಹೊರಬಿತ್ತು. ಕುರ್ಚಿಯ ಕೆಳಗೆ ತೂರುವರು. ಚಾಕ್‌ಪೀಸ್ ಎಸೆಯುವರು. “ಟೀಚರ್, ನಂಗೆ ಒಂದಕ್ಕೆ ಹೋಗ್ಬೇಕು ಮಾರಾಯ್ರೆ” ಎಂದು ಎರಡು ನಿಮಿಷಕ್ಕೊಮ್ಮೆ ಕಿರುಬೆರಳು ಎತ್ತುವರು. ಒಮ್ಮೆ ನನ್ನ ಒಂದು ಚಪ್ಪಲಿಯನ್ನು ಥರ್ಮಕೋಲಿನ ‘ಶುಭ’ದ ಹಿಂದೆ ಬಚ್ಚಿಟ್ಟು, ಎಲ್ಲಿಟ್ಟೆನೆಂದು ತಾವೇ ಮರೆತು, ನಾನು ಅವತ್ತು ಬರಿಗಾಲಿನಲ್ಲಿ ಲೋಕಲ್ ಹಿಡಿಯುವ ಹಾಗೆ ಮಾಡಿದರು.

ಇಂಥ ಮಗುವನ್ನು ಹಿಡಿತಕ್ಕೆ ತರಲು ರಿಯಾ ಮೇಡಂ ಮೂರು ಹೆಜ್ಜೆ ಹೇಳಿಕೊಟ್ಟಿದ್ದರು: ನೋಡು, ಹತ್ತಿರ ಹೋಗು, ಕೆಲಸ ಕೊಡು. ಬೈಯಬಾರದು. ಮಗುವನ್ನು ಶಾಂತವಾಗಿ ನೋಡಬೇಕು, ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಡಬೇಕು, ಬೋರ್ಡ್ ಒರೆಸುವ ಕೆಲಸ ಕೊಡಬೇಕು. ಇದರಲ್ಲಿ ನಾನು ನಿಪುಣೆಯಾದೆ. ನನ್ನ ಕೈ ಹೆಗಲ ಮೇಲೆ ಬಿದ್ದರೆ ಶೆಟ್ಟರು ಕರಗಿ ಡಸ್ಟರ್ ಹಿಡಿಯುತ್ತಿದ್ದರು. ಮನೆಯಲ್ಲೂ ಪ್ರಯೋಗ ಮಾಡಿದೆ. ಟಿ.ವಿ. ಮುಂದೆ ಕೂತ ಯಜಮಾನರನ್ನು ಶಾಂತವಾಗಿ ನೋಡಿ, ಹತ್ತಿರ ಹೋಗಿ, ಹೆಗಲ ಮೇಲೆ ಕೈಯಿಟ್ಟೆ. ಅವರು ತಿರುಗಿಯೂ ನೋಡದೆ, “ಏನ್ ಕೆಲಸ ಐತಿ ಹೇಳಿಬಿಡು” ಎಂದರು.

ಆರು ವಾರದ ಕೊನೆಗೆ ನನಗೆ ‘ಅತ್ಯುತ್ತಮ’ ಎಂಬ ಷರಾ ಸಿಕ್ಕಿತು. ಒಂದೇ ಒಂದು ಸಣ್ಣ ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಪ್ರತಿ ಪಾಠಕ್ಕೆ ಹತ್ತು ನಿಮಿಷ. ಅದರಲ್ಲಿ ಎಂಟು ನಿಮಿಷ ಶೆಟ್ಟರಿಗೇ ಹೋಗುತ್ತಿತ್ತು. ನಾನು ಆರಿಸಿಕೊಂಡಿದ್ದು ಭಿನ್ನರಾಶಿ. ಚಪಾತಿಯನ್ನು ಕತ್ತರಿಸಿ, “ಮಕ್ಕಳೇ, ಇದು ಅರ್ಧ” ಎನ್ನುವಷ್ಟರಲ್ಲಿ ಸೀಟಿ ಊದುತ್ತಿತ್ತು. ಆರು ವಾರದಲ್ಲಿ ನಾನು ಒಮ್ಮೆಯೂ ಅರ್ಧ ದಾಟಿ ಕಾಲಿಗೆ ಬಂದಿರಲಿಲ್ಲ.

ಇನ್ನು ಶಾಲೆ ಹಂಚಿದ್ದನ್ನು ಕೇಳಿ. ಸಯನ್‌ನಲ್ಲಿರುವ ನನಗೆ ಕಾಂದಿವಲಿಯ ಶಾಲೆ, ಕಾಂದಿವಲಿಯಲ್ಲಿರುವ ಶೆಟ್ಟರಿಗೆ ಸಯನ್‌ನ ಶಾಲೆ. ಅದಲು ಬದಲು ಮಾಡಬಹುದೇ ಎಂದು ಇಬ್ಬರೂ ಕೂಡಿ ಕೇಳಿದೆವು. ಶಿಕ್ಷಕರಿಗೆ ಹೊರಗಿನವರ ದೃಷ್ಟಿ ಇರಬೇಕು ಎಂದರು ರಿಯಾ ಮೇಡಂ. ಹೀಗಾಗಿ ಪ್ರತಿ ಬೆಳಿಗ್ಗೆ ನಾವು ದಾದರ್‌ನ ಸೇತುವೆಯ ಮೇಲೆ ಎದುರುಬದುರಾಗುತ್ತಿದ್ದೆವು. ಹಿಂದಿನ ಜನ ತಳ್ಳುತ್ತಿರುವಾಗ ಒಂದೊಂದು ವಾಕ್ಯದ ವಿಚಾರ ವಿನಿಮಯ. ಅಲ್ಲಿಂದ ಮುಂದೆ ನನ್ನದು ಆಫೀಸಿನ ಜನಕ್ಕೆ ಉಲ್ಟಾ ದಿಕ್ಕಿನ ಗಾಡಿ, ಬೇಕಾದಷ್ಟು ಸೀಟು ಖಾಲಿ. ಇಪ್ಪತ್ತೆರಡು ವರ್ಷ ನಿಂತೇ ಹೋದವಳಿಗೆ ಕೂರಲು ಧೈರ್ಯ ಬರಲಿಲ್ಲ. ಮೊದಲ ವಾರ ಖಾಲಿ ಬೋಗಿಯಲ್ಲಿ ಹಿಡಿಕೆ ಹಿಡಿದು ನೇತಾಡಿಕೊಂಡೇ ಹೋದೆ. ಕೂತಿದ್ದ ಮೂವರು ಹೆಂಗಸರು ನನ್ನನ್ನು ನೋಡಿ ಅನುಮಾನದಿಂದ ತಮ್ಮ ಪರ್ಸುಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಮೊದಲ ದಿನ ತರಗತಿಗೆ ಹೋದೆ. ನಲವತ್ತೆಂಟು ಮಕ್ಕಳು ಎದ್ದು ನಿಂತು, ಒಂದೇ ದನಿಯಲ್ಲಿ ಗುಡ್ ಮಾರ್ನಿಂಗ್ ಹೇಳಿ, ಕೂತು, ಕೈಕಟ್ಟಿಕೊಂಡರು. ಆಮೇಲೆ ಯಾರೂ ಅಲ್ಲಾಡಲಿಲ್ಲ. ಪ್ರಿನ್ಸಿಪಾಲ್ ಮೇಡಂ ಕೈಯಲ್ಲಿ ಮರದ ಸ್ಕೇಲ್ ಹಿಡಿದು ಕಾರಿಡಾರಿನಲ್ಲಿ ತಿರುಗುತ್ತಾರೆ, ಆ ಶಾಲೆಯಲ್ಲಿ ಗಲಾಟೆ ಎಂಬುದೇ ಇಲ್ಲ. ನಾನು ಚಪಾತಿ ತೆಗೆದೆ. ಎರಡು ಭಾಗ ಮಾಡಿ ಇದು ಅರ್ಧ ಎಂದೆ. ತಿಳಿಯಿತಾ ಎಂದೆ. “ಯೆಸ್ ಟೀಚರ್!” ಗಡಿಯಾರ ನೋಡಿದೆ, ಎರಡು ನಿಮಿಷವಾಗಿತ್ತು. ಇನ್ನು ಮೂವತ್ತಮೂರು ನಿಮಿಷ ಬಾಕಿ. ಅಭ್ಯಾಸದಂತೆ ಬೆಂಚುಗಳ ಕೆಳಗೆ ನೋಡಿದೆ, ಯಾರೂ ಇರಲಿಲ್ಲ. ಯಾರಿಗಾದರೂ ಬಾತ್‌ರೂಮಿಗೆ ಹೋಗಬೇಕಾ ಎಂದು ಕೇಳಿದೆ. “ನೋ ಟೀಚರ್!” ನಿದ್ದೆ ಬರುತ್ತಿದೆಯಾ? “ನೋ ಟೀಚರ್!” ಹಿಡಿತಕ್ಕೆ ತರಬೇಕಾದದ್ದು ಏನೂ ಇಲ್ಲದ ಮೇಲೆ ನಾನು ಅಲ್ಲಿ ಇರುವುದಾದರೂ ಯಾಕೆ? ಕೊನೆಗೆ ಯಾರೂ ಕೇಳದಿದ್ದರೂ ನಾನೇ ಹೋಗಿ ಬೋರ್ಡ್ ಒರೆಸಿದೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ದಿನ ಸೇತುವೆಯ ಮೇಲೆ ಶೆಟ್ಟರಿಗೆ, “ಮಕ್ಕಳು ಸುಮ್ಮನೆ ಕೂರುತ್ತಾರೆ, ಏನು ಮಾಡಲಿ?” ಎಂದೆ. ಶೆಟ್ಟರ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಹಣೆಯ ಮೇಲೆ ಶಾಯಿಯ ಕಲೆ. “ನಿಮ್ಮ ಪುಣ್ಯ ಮಾರಾಯ್ರೆ! ನನ್ನ ಕ್ಲಾಸಲ್ಲಿ ನನ್ನನ್ನೂ ಮೀರಿಸಿದವರು ಹದಿನೆಂಟು ಜನ ಉಂಟು” ಎಂದು ಕೂಗಿ ಜನಪ್ರವಾಹದಲ್ಲಿ ಕೊಚ್ಚಿಹೋದರು. ಅವತ್ತು ತರಗತಿಯಲ್ಲಿ ಬೇರೇನೂ ತೋಚದೆ ಮಕ್ಕಳಿಗೆ ಶೆಟ್ಟರ ಕಥೆ ಹೇಳಿದೆ. ಮದುವೆ ಹಾಲ್, ಚೀಟಿ, ಕಿರುಬೆರಳು, ಚಪ್ಪಲಿ, ಮೂರು ಹೆಜ್ಜೆ, ಎಲ್ಲವನ್ನೂ. ಒಬ್ಬ ಅಜ್ಜ ಕುರ್ಚಿಯ ಕೆಳಗೆ ತೂರಿದ್ದನ್ನು ಅಭಿನಯಿಸಿಯೂ ತೋರಿಸಿದೆ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು, ಕಾರಿಡಾರಿಗೆ ಕೇಳಿಸದ ಹಾಗೆ ನಕ್ಕರು. ಆ ಮೂವತ್ತೈದು ನಿಮಿಷ ಹೇಗೆ ಹೋಯಿತೋ ತಿಳಿಯಲಿಲ್ಲ.

ಭಾನುವಾರ ಕಳೆದು ಸೋಮವಾರ ನಾನು ಬೋರ್ಡಿನ ಕಡೆ ತಿರುಗಿದ್ದೇ ತಡ, ಕಾಗದದ ವಿಮಾನವೊಂದು ಬಂದು ನನ್ನ ತುರುಬಿಗೆ ಬಡಿಯಿತು. ಆಹಾ, ಎಂಥ ಸಂತೋಷವಾಯಿತು ಗೊತ್ತೇ! ಎಸೆದವನು ಓಂಕಾರ, ತರಗತಿಯಲ್ಲೇ ಅತ್ಯಂತ ಸಂಕೋಚದ ಹುಡುಗ. ನೋಡಿದೆ, ಹತ್ತಿರ ಹೋದೆ, ಕೆಲಸ ಕೊಟ್ಟೆ. ಅವನು ಬೋರ್ಡ್ ಒರೆಸಿದ. ಬೆಂಚುಗಳ ನಡುವೆ ಓಡಾಡಿದ್ದರಿಂದ ನನ್ನ ರಕ್ತವೂ ಓಡಾಡಿತು, ಹಾಗೇ ಅವನನ್ನು ಒಂದು ಪ್ರಶ್ನೆ ಕೇಳಿದೆ, ಅವಳನ್ನೊಂದು ಕೇಳಿದೆ, ಅರ್ಧದ ಪಾಠವೇ ಗಂಟೆ ಹೊಡೆಯುವವರೆಗೆ ಓಡಿತು. ಮರುದಿನ ಫಾತಿಮಾ ಗೊರಕೆ ಹೊಡೆದಳು. ಅದರ ಮರುದಿನ ಇನ್ನೊಬ್ಬ ಬೆಂಚಿನ ಕೆಳಗೆ ಸೇರಿದ. ದಿನಕ್ಕೆ ಒಂದೇ ಗಲಾಟೆ, ಒಂದಾದ ಮೇಲೆ ಎರಡಿಲ್ಲ. ಪ್ರಿನ್ಸಿಪಾಲರ ಸ್ಕೇಲಿನ ಟಕಟಕ ಕೇಳಿಸಿದ ಕೂಡಲೇ ಗೊರಕೆಯೂ ನಿಲ್ಲುತ್ತಿತ್ತು. ನಾನು ಹುಟ್ಟಾ ಟೀಚರ್ ಎಂದು ನನಗೇ ಅನ್ನಿಸತೊಡಗಿತು. ಗಾಡಿಯಲ್ಲಿ ಸೀಟಿನ ಮೇಲೆ ಕೂರಲೂ ಸುರು ಮಾಡಿದೆ.

ಏಳನೆಯ ವಾರದಲ್ಲಿ ಚಾಕ್ ಹುಡುಕಲು ತರಗತಿಯ ಬೀರುವಿನ ಎರಡನೇ ಬಾಗಿಲು ತೆರೆದೆ. ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಸ್ಕೇಲಿನಿಂದ ಗೆರೆ ಹೊಡೆದ ಅಂದವಾದ ಕೋಷ್ಟಕ. ಸೋಮವಾರ, ಓಂಕಾರ, ವಿಮಾನ. ಮಂಗಳವಾರ, ಫಾತಿಮಾ, ಗೊರಕೆ. ಬುಧವಾರ ಬೆಂಚಿನ ಕೆಳಗೆ ಸೇರುವುದು. ಹೀಗೆ ವಾರ ವಾರಕ್ಕೂ ಹೆಸರು. ಕೆಳಗೆ ಕೆಂಪು ಶಾಯಿಯಲ್ಲಿ, ಪ್ರಿನ್ಸಿಪಾಲ್ ಬಂದರೆ ರದ್ದು ಎಂಬ ಸೂಚನೆ. ಅಕ್ಷರ ಸಾನಿಕಾಳದು, ಆಕೆ ತರಗತಿಯ ಮಾನಿಟರ್. ಅಪ್ಪ ಕಲಬುರಗಿ ಕಡೆಯವರು, ತರಗತಿಯಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತಾಡಲು ಯತ್ನಿಸುವವಳು ಅವಳೊಬ್ಬಳೇ. ಕರೆದು ಕೇಳಿದೆ. ಅವಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ನಿಲ್ಲಲಿಲ್ಲ, ರೋಗಿಗೆ ಔಷಧ ವಿವರಿಸುವ ಡಾಕ್ಟರರ ಹಾಗೆ ನಿಂತಳು. “ಟೀಚರ್, ನಿಮಗ ತ್ರಾಸ್ ಆಗ್ತಿತ್ತು ನಾ? ನಾವು ಚುಪ್ ಕೂತ್ರೆ ನಿಮಗ ಪಾಠ ಬರ್ತಾನೇ ಇರ್ಲಿಲ್ಲ. ಆಮ್ಯಾಲ ನಾವು ಟೈಮ್‌ಟೇಬಲ್ ಮಾಡಿದ್ವಿ. ಟೆನ್ಶನ್ ಬೇಡ, ಬಾಹರ್ ಯಾರಿಗೂ ಹೇಳಿಲ್ಲ.”

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಏಳು ವಾರ ನಾನು ಮಕ್ಕಳನ್ನು ಹಿಡಿತದಲ್ಲಿಟ್ಟಿದ್ದೇನೆಂದು ಬೀಗಿದ್ದೆ. ಅವರು ಪಾಳಿಯ ಮೇಲೆ ನನ್ನನ್ನು ಸಾಕುತ್ತಿದ್ದರು. ಅವಮಾನವಾಯಿತು. ಅದರ ಬೆನ್ನಿಗೇ ಆ ಕೋಷ್ಟಕವನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿದೆ. ನನ್ನ ಕಷ್ಟ ನೋಡಿ ನಲವತ್ತೆಂಟು ಜನ ಕೂತು ಯೋಚನೆ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಮರ್ಯಾದಸ್ಥ ಟೀಚರ್ ಆಗಿದ್ದರೆ ಆ ಕಾಗದವನ್ನು ಅಲ್ಲೇ ಕಿತ್ತು ಹಾಕುತ್ತಿದ್ದಳು. ನಾನು ಬೀರುವಿನ ಬಾಗಿಲು ಮೆಲ್ಲಗೆ ಮುಚ್ಚಿದೆ. ಯಾಕೆಂದರೆ ಬರುವ ಗುರುವಾರ ರಿಯಾ ಮೇಡಂ ನನ್ನ ಪಾಠ ನೋಡಲು ಬರುವವರಿದ್ದರು. ನಪಾಸಾದರೆ ಮತ್ತೆ ಮದುವೆ ಹಾಲ್, ಮತ್ತೆ ‘ಶುಭ ವಿವಾಹ’, ಮತ್ತೆ ಸೀರೆಗಳ ಕೆಳಗಿನ ಆ ಅರ್ಜಿ. ಅಷ್ಟೇ ಅಲ್ಲ, ಬುಧವಾರ ಮಕ್ಕಳ ಮುಂದೆ ನಿಂತು, ನಾಚಿಕೆ ಬಿಟ್ಟು, “ನಾಳೆ ಒಬ್ಬರು ಮೇಡಂ ಬರುತ್ತಾರೆ, ನಿಮ್ಮ ಸಹಾಯ ಬೇಕು” ಎಂದೂ ಹೇಳಿದೆ. “ಯೆಸ್ ಟೀಚರ್!” ಎಂದರು. ಸಾನಿಕಾ ಏನನ್ನೋ ಬರೆದುಕೊಂಡಳು.

ಗುರುವಾರ ಚಪಾತಿ ಬೇಡ, ಏನಾದರೂ ವಿಶೇಷ ಇರಲಿ ಎಂದುಕೊಂಡೆ. ಊರಿಂದ ನಾದಿನಿ ಕಳಿಸಿದ್ದ ಖಡಕ್ ಜೋಳದ ರೊಟ್ಟಿಯ ಕಟ್ಟಿನಲ್ಲಿ ದುಂಡನೆಯದೊಂದನ್ನು ಆರಿಸಿ, ತಟ್ಟೆಯೊಳಗಿಟ್ಟು, ಸಯನ್‌ನಿಂದ ಕಾಂದಿವಲಿಯವರೆಗೆ ಎದೆಗವಚಿಕೊಂಡು ಒಯ್ದೆ. ಯಜಮಾನರು ಬಾಗಿಲಲ್ಲೇ, “ಖಡಕ್ ರೊಟ್ಟಿ ಎಲ್ಲೆರ ಕತ್ತರಸಾಕ ಬರತೈತೇನ?” ಎಂದಿದ್ದರು. ವಿಜಯಪುರದ ಸೊಸೆಯಾಗಿ ಇಷ್ಟು ವರ್ಷ ಅದನ್ನೇ ತಿಂದ ನನಗೆ ಆ ಮಾತು ತಲೆಗೆ ಹೋಗಲಿಲ್ಲ. ರಿಯಾ ಮೇಡಂ ಹಿಂದಿನ ಬೆಂಚಿನಲ್ಲಿ ಫಾರಂ ಹಿಡಿದು ಕೂತರು. ಅವತ್ತಿನ ಪಾಳಿ ಓಂಕಾರನದು, ನಿದ್ದೆ. ನಾನು ಬೋರ್ಡಿನ ಕಡೆ ತಿರುಗಿ ಮತ್ತೆ ಈಚೆ ತಿರುಗಿದೆ.

ನಲವತ್ತೆಂಟು ಮಕ್ಕಳೂ ಒಟ್ಟಿಗೆ ಸುರು ಮಾಡಿದ್ದರು. ಹತ್ತು ಜನ ಗೊರಕೆ, ಹನ್ನೆರಡು ಜನ ಅಳು, ಬೆಂಚುಗಳ ಕೆಳಗೆ ಹಿಡಿಸಲಾರದಷ್ಟು ಮಂದಿ, ಗಾಳಿಯ ತುಂಬ ವಿಮಾನ. ಒಬ್ಬ ನನ್ನ ಚಪ್ಪಲಿಗೇ ಕೈ ಹಾಕಿದ್ದ. ಎಲ್ಲರ ಮುಖದ ಮೇಲೂ ಸೇವಾಭಾವ. ಸಾನಿಕಾ ಕಿರುಬೆರಳು ಎತ್ತಿ, ಬಾತ್‌ರೂಮ್ ಬಾತ್‌ರೂಮ್ ಎಂದು ಕೂಗುತ್ತ, ನನಗೆ ಮಾತ್ರ ಕಾಣುವ ಹಾಗೆ ಕಣ್ಣಲ್ಲೇ ಧೈರ್ಯ ಹೇಳಿದಳು. ಪ್ರಿನ್ಸಿಪಾಲರು ಅವತ್ತು ಯಾವುದೋ ಮೀಟಿಂಗಿಗೆ ಹೋಗಿದ್ದರು, ಅದನ್ನೂ ಅವಳು ವಿಚಾರಿಸಿ ಇಟ್ಟುಕೊಂಡಿದ್ದಳಂತೆ. ಮೂರು ಹೆಜ್ಜೆಯನ್ನು ನಲವತ್ತೆಂಟು ಸಲ ಇಡುವುದು ಹೇಗೆ? ಬೋರ್ಡ್ ಇರುವುದು ಒಂದೇ. ಎಲ್ಲಿ ನೋಡಲಿ, ಯಾರ ಹತ್ತಿರ ಹೋಗಲಿ ಎಂದು ತಿಳಿಯದೆ, ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ. ಫಟ್ ಎಂದು ರೊಟ್ಟಿ ಚೂರುಚೂರಾಯಿತು.

ತರಗತಿ ಸ್ತಬ್ಧವಾಯಿತು. ರೊಟ್ಟಿ ಹೀಗೂ ಒಡೆಯುತ್ತದೆಂದು ಆ ಮಕ್ಕಳಿಗೆ ಗೊತ್ತಿರಲಿಲ್ಲ. ಅವರ ಮನೆಯ ರೊಟ್ಟಿ ಮೆತ್ತಗಿರುತ್ತದೆ. ಬೆಂಚಿನ ಕೆಳಗಿನವರೂ ಎದ್ದು ಮೇಜಿನ ಸುತ್ತ ನೆರೆದರು. ನಿದ್ದೆಯ ಪಾಳಿಯ ಓಂಕಾರ ತುಂಡುಗಳನ್ನು ಎಣಿಸಿ, ಹದಿನಾರು ಇವೆ ಟೀಚರ್, ಹಾಗಾದರೆ ಒಂದೊಂದೂ ಹದಿನಾರರಲ್ಲಿ ಒಂದು ಎಂದ. ಹೇಗಾಗುತ್ತೆ, ಇದು ಅಂಗೈಯಷ್ಟಿದೆ, ಅದು ಉಗುರಿನಷ್ಟಿದೆ, ಸಮ ಎಲ್ಲಿದೆ ಎಂದು ಫಾತಿಮಾ ಜಗಳಕ್ಕೆ ನಿಂತಳು. ಅರ್ಧ ತರಗತಿ ಅವನ ಕಡೆ, ಅರ್ಧ ಅವಳ ಕಡೆ. ಎಲ್ಲರೂ ನನ್ನ ಮುಖ ನೋಡಿದರು. ಈ ಹಂತಕ್ಕೆ ನಾನು ಹಿಂದೆ ಬಂದವಳೇ ಅಲ್ಲವಲ್ಲ. “ನೀವೇ ಹೇಳಿ” ಎಂದೆ. ಸಮ ಮಾಡಬೇಕೆಂದರೆ ಪೂರ್ತಿ ಪುಡಿ ಮಾಡಬೇಕು ಎಂದಿತು ಒಂದು ದನಿ. ಪುಡಿ ಮಾಡಿದರು. ನೀರಿನ ಬಾಟಲಿಯ ಮುಚ್ಚಳದಲ್ಲಿ ಅಳೆದರು, ಹನ್ನೆರಡು ಮುಚ್ಚಳವಾಯಿತು. ಆರು ಮುಚ್ಚಳ ಅಂದರೆ ಅರ್ಧ, ಮೂರು ಅಂದರೆ ಕಾಲು, ನಾಲ್ಕು ಅಂದರೆ ಮೂರರಲ್ಲೊಂದು. ಕಾಲು! ಆರು ವಾರ, ಎಂಟು ವಾರ ಕಳೆದ ಮೇಲೆ ಕಾಲು! ನನಗೆ ಕಣ್ಣಲ್ಲಿ ನೀರು ಬಂತು. ರಿಯಾ ಮೇಡಂ ಕೂಡ ಎದ್ದು ಬಂದು ಮುಚ್ಚಳ ಎಣಿಸುತ್ತಿದ್ದರು. ಗಂಟೆ ಹೊಡೆದಾಗ ಮಕ್ಕಳು ಪುಡಿಯನ್ನು ಹಂಚಿಕೊಂಡು ತಿಂದರು.

ಸಂಜೆ ವರದಿ ಬಂತು. ಇಂಥ ಕಷ್ಟದ ತರಗತಿಯನ್ನು ತಾವು ಎಲ್ಲೂ ಕಂಡಿಲ್ಲವೆಂದೂ, ಇವರನ್ನು ಸಂಭಾಳಿಸುವುದು ಬೇರೆ ಯಾರಿಂದಲೂ ಆಗದೆಂದೂ, ಒಡೆಯುವ ರೊಟ್ಟಿಯನ್ನು ಆರಿಸಿದ್ದರಲ್ಲಿ ಪೂರ್ವಸಿದ್ಧತೆ ಅದ್ಭುತವೆಂದೂ ರಿಯಾ ಮೇಡಂ ಬರೆದಿದ್ದರು. ನನ್ನನ್ನು ಕಾಯಂ ಮಾಡಿದರು. ಸೇತುವೆಯ ಮೇಲೆ ಶೆಟ್ಟರಿಗೆ ಹೇಳಿದಾಗ, “ನನಗೂ ಒಂದು ರೊಟ್ಟಿ ಕೊಡಿ ಮಾರಾಯ್ರೆ” ಎಂದರು. ನಾನು ಅವರಿಗೆ ನಿಜ ಹೇಳಲಿಲ್ಲ.

ಸೋಮವಾರ ತರಗತಿಗೆ ಹೋದರೆ ಎಲ್ಲರೂ ಕೈಕಟ್ಟಿ ಕೂತಿದ್ದಾರೆ. ವಿಮಾನವಿಲ್ಲ, ಗೊರಕೆಯಿಲ್ಲ. ಸ್ವಲ್ಪ ಹೊತ್ತು ಕಾದೆ. ಬೀರುವಿನ ಹತ್ತಿರ ಹೋಗಿ, ಚಾಕ್ ಹುಡುಕುವ ನೆಪದಲ್ಲಿ ಎರಡನೇ ಬಾಗಿಲು ತೆರೆದೆ. ಹೊಸ ಕಾಗದ ಅಂಟಿಸಿತ್ತು. ಅದೇ ಅಂದವಾದ ಗೆರೆ, ಅದೇ ಅಕ್ಷರ. ಸೋಮವಾರದ ಮುಂದೆ ಬರೆದಿತ್ತು: ಟೀಚರ್, ಗಲಾಟೆ.

ತಿರುಗಿ ನೋಡಿದೆ. ಸಾನಿಕಾ ಆಗಲೇ ಬೋರ್ಡಿನ ಮುಂದೆ ಚಾಕ್ ಹಿಡಿದು ನಿಂತಿದ್ದಳು. “ಎಲ್ಲರದೂ ಪಾಳಿ ಮುಗೀತು ಟೀಚರ್. ತುಮಚೀ, ಅಂದ್ರ ನಿಮ್ಮದು, ಬಾಕಿ ಇದೆ” ಎಂದಳು. ನ್ಯಾಯವಾದ ಮಾತು. ನಾನು ಹೋಗಿ ಓಂಕಾರನ ಪಕ್ಕದ ಬೆಂಚಿನ ಕೆಳಗೆ, ಮಂಡಿನೋವನ್ನು ಲೆಕ್ಕಿಸದೆ, ತೂರಿಕೊಂಡೆ. ಅಲ್ಲಿಂದ ಕಿರುಬೆರಳು ಎತ್ತಿದೆ. ಸಾನಿಕಾ ನನ್ನನ್ನು ಶಾಂತವಾಗಿ ನೋಡಿದಳು, ಹತ್ತಿರ ಬಂದಳು, ಬಗ್ಗಿ ಹೆಗಲ ಮೇಲೆ ಕೈಯಿಟ್ಟಳು. ಆ ಕೈಯ ಕೆಳಗೆ ಶೆಟ್ಟರು ಯಾಕೆ ಕರಗುತ್ತಿದ್ದರೆಂದು ಅವತ್ತು ಗೊತ್ತಾಯಿತು. ಆಮೇಲೆ ಅವಳು ಅರ್ಧದಿಂದ ಕಾಲಿಗೆ, ಕಾಲಿನಿಂದ ಅರೆಕಾಲಿಗೆ ಇಳಿದು, ಕೂಡಿಸಿ ಕಳೆದು, ಮೂವತ್ತೈದು ನಿಮಿಷದೊಳಗೆ ಪಾಠ ಮುಗಿಸಿದಳು. ಭಿನ್ನರಾಶಿಯ ಪಾಠವನ್ನು ಕೊನೆಯವರೆಗೆ ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಬಂದಾಗ ಯಜಮಾನರು, “ಕಾಯಂ ಟೀಚರಬಾಯಿ, ಇವತ್ತೇನ್ ಕಲಿಸಿದ್ರಿ?” ಎಂದರು.

“ಬೋರ್ಡ್ ಒರೆಸಿದೆ” ಎಂದೆ.

“ಚಲೋ ಒರಸಿದೇನ?”

ಎರಡು ಸಲ ಒರೆಸಬೇಕಾಯಿತು ಎಂದು ನಿಜ ಹೇಳಿದೆ. ಮೊದಲ ಸಲ ಮೇಲಿನ ಮೂಲೆಯಲ್ಲಿ ಸ್ವಲ್ಪ ಉಳಿದಿತ್ತಂತೆ, ಟೀಚರ್ ವಾಪಸ್ ಕಳಿಸಿದರು.